ದರದ ಜಾಡು ಹಿಡಿದು

ಅಡುಗೆಮನೆಯ ಸಾಮಾನಿಗೆ ಇಂಥದ್ದೇ ದರ ಎಂಬುದಿಲ್ಲ. ಕೋಲಾರದ ಮಂಡಿಯಲ್ಲಿ ಹರಾಜಾದ ಟೊಮೆಟೊ ಬೆಂಗಳೂರಿನ ಬಡಾವಣೆಯ ಅಂಗಡಿ ಸೇರುವಷ್ಟರಲ್ಲಿ ನಾಲ್ಕಾರು ಕೈ ದಾಟಿರುತ್ತದೆ. ಹಮಾಲಿ, ಸಾಗಣೆ, ಕೊಳೆತದ್ದರ ನಷ್ಟ, ಲಾಭ ಎಂದು ಪ್ರತಿ ಕೈಯೂ ಅಷ್ಟಿಷ್ಟು ಸೇರಿಸುತ್ತದೆ. ಮನೆಖರ್ಚಿನಲ್ಲಿ ನಾಲ್ಕು ಕಾಸು ಉಳಿಸುವುದೆಂದರೆ ಬಹುಮಟ್ಟಿಗೆ ಈ ದಾರಿಯಲ್ಲಿ ಯಾವ ಸರಕನ್ನು ಎಲ್ಲಿ, ಯಾವಾಗ, ಎಷ್ಟು ಕೊಳ್ಳಬೇಕೆಂದು ಅರಿತಿರುವುದು. ಚೌಕಾಸಿಯ ಪಾಲು ಅದರಲ್ಲಿ ಸಣ್ಣದು. ಕರ್ನಾಟಕದ ಪೂರ್ವ ಅಂಚಿನ ಕೋಲಾರದಿಂದ ಹೊರಟು ಬೆಂಗಳೂರು, ಮಂಡ್ಯ, ಕೊಡಗು, ಮಲೆನಾಡು, ಬ್ಯಾಡಗಿ, ತುಂಗಭದ್ರೆಯ ಬಯಲು ಹಾದು ಕಲಬುರಗಿ ಮುಟ್ಟುವ ದಾರಿಯಲ್ಲಿ ಈ ಅರಿವು ಪೇಟೆಗೊಂದು ಪಾಠದಂತೆ ಸಿಗುತ್ತದೆ.

ಕೋಲಾರದ ಎಪಿಎಂಸಿ ಪ್ರಾಂಗಣ ದೇಶದ ದೊಡ್ಡ ಟೊಮೆಟೊ ಪೇಟೆಗಳಲ್ಲಿ ಒಂದು. ಇಲ್ಲಿ ಹರಾಜು ಕೂಗುವುದು 15 ಕಿಲೋ ಹಿಡಿಯುವ ಪ್ಲಾಸ್ಟಿಕ್ ಬಾಕ್ಸಿನ ಲೆಕ್ಕದಲ್ಲಿ. 2023ರ ಜುಲೈಯಲ್ಲಿ ಒಳ್ಳೆಯ ಮಾಲಿನ ಬಾಕ್ಸ್ ಒಂದಕ್ಕೆ 2,000 ರೂಪಾಯಿ ದಾಟಿತು. ಅಂದರೆ ಮಂಡಿಯಲ್ಲೇ ಕಿಲೋಗೆ 130 ರೂಪಾಯಿಯ ಮೇಲೆ. ಬೇರೆ ವರ್ಷಗಳಲ್ಲಿ ಬಾಕ್ಸಿಗೆ ನೂರು ರೂಪಾಯಿಯೂ ಹುಟ್ಟದೆ ರೈತರು ಹಣ್ಣನ್ನು ರಸ್ತೆಬದಿಗೆ ಸುರಿದು ಹೋದದ್ದೂ ಉಂಟು. ಟೊಮೆಟೊ ಕೂಡಿಡುವ ಸರಕಲ್ಲ. ದರ ಏರಿದಾಗ ನಾಟಿ ಮಾಡುವವರು ಹೆಚ್ಚುತ್ತಾರೆ. ಎರಡು ತಿಂಗಳು ಕಳೆದು ಆ ಬೆಳೆಯೆಲ್ಲ ಒಟ್ಟಿಗೆ ಪೇಟೆಗೆ ಬಂದಾಗ ದರ ಕುಸಿಯುತ್ತದೆ. ಕೊಳ್ಳುವವರಿಗೆ ಈ ಏರಿಳಿತದ ಮೇಲೆ ಹಿಡಿತವಿಲ್ಲ, ಆದರೆ ಸಾರಿಗೆ ಹುಳಿ ಬೇಕೆಂದರೆ ಟೊಮೆಟೊವೇ ಆಗಬೇಕಿಲ್ಲ. ಟೊಮೆಟೊ ಈ ನಾಡಿನ ಅಡುಗೆಗೆ ಬರುವ ಮೊದಲು ಹುಣಸೆ, ಮಾವಿನಕಾಯಿ, ನಿಂಬೆ, ಮಜ್ಜಿಗೆ ಆ ಕೆಲಸ ಮಾಡುತ್ತಿದ್ದವು. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ತುಮಕೂರಿನ ಪೇಟೆಗೆ ಹೊಸ ಹುಣಸೆ ರಾಶಿರಾಶಿಯಾಗಿ ಬರುತ್ತದೆ. ಬೀಜ ತೆಗೆದು, ಉಪ್ಪು ಬೆರೆಸಿ ಜಾಡಿಯಲ್ಲಿ ಒತ್ತಿಟ್ಟ ಹುಣಸೆ ಇರುವ ಮನೆಗೆ ಜುಲೈಯ ಟೊಮೆಟೊ ದರದ ಬಿಸಿ ಅಷ್ಟಾಗಿ ತಟ್ಟುವುದಿಲ್ಲ.

ಕೋಲಾರದಿಂದ ಪಶ್ಚಿಮಕ್ಕೆ ಸುಮಾರು 70 ಕಿ.ಮೀ. ಬಂದರೆ ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆ. 1928ರಲ್ಲಿ ಕಟ್ಟಿದ, ಊರಿನ ಬಾಯಲ್ಲಿ ಕೆ.ಆರ್. ಮಾರ್ಕೆಟ್ ಅಥವಾ ಸಿಟಿ ಮಾರ್ಕೆಟ್ ಎನಿಸಿಕೊಂಡ ಈ ಜಾಗದಲ್ಲಿ ದರವನ್ನು ಆಳುವುದು ಗಡಿಯಾರ. ಪಕ್ಕದ ಕಲಾಸಿಪಾಳ್ಯಕ್ಕೆ ತರಕಾರಿ ಲಾರಿಗಳು ಬರುವುದು ನಡುರಾತ್ರಿಯ ನಂತರ. ಬೆಳಕು ಹರಿಯುವ ಮೊದಲು ತಳ್ಳುಗಾಡಿಯವರು, ಹೋಟೆಲಿನವರು, ಬಡಾವಣೆಯ ಅಂಗಡಿಕಾರರು ಮೂಟೆ ಲೆಕ್ಕದಲ್ಲಿ ಎತ್ತುತ್ತಾರೆ. ಆ ಹೊತ್ತಿನಲ್ಲಿ ಅರ್ಧ ಕಿಲೋ ಬೀನ್ಸ್ ಕೇಳುವವರತ್ತ ಯಾರೂ ತಲೆಯೆತ್ತಿ ನೋಡುವುದಿಲ್ಲ. ಬಿಸಿಲೇರಿದ ಮೇಲೆ ಚಿಲ್ಲರೆ ಗಿರಾಕಿಗಳ ಸರದಿ, ದರವೂ ಚಿಲ್ಲರೆಯದೇ. ಕತ್ತಲಾಗುವ ಹೊತ್ತಿಗೆ ಉಳಿದ ಸೊಪ್ಪು, ಬಾಡಿದ ಹೂಕೋಸು, ತೊಟ್ಟು ಮುರಿದ ಬದನೆಯನ್ನು ಗುಡ್ಡೆ ಹಾಕಿ, ಗುಡ್ಡೆಗಿಷ್ಟು ಎಂದು ಕೂಗುತ್ತಾರೆ. ಅಂದೇ ರಾತ್ರಿ ಅಥವಾ ಮರುದಿನ ಬೆಳಗ್ಗೆ ಬೇಯಿಸುವವರಿಗೆ ಗುಡ್ಡೆ ಲಾಭ. ವಾರಕ್ಕೆಂದು ಫ್ರಿಜ್ಜಿನಲ್ಲಿ ತುಂಬುವವರಿಗೆ ಅದರಲ್ಲಿ ಅರ್ಧ ಕಸ.

ಇದೇ ಮಾರುಕಟ್ಟೆಯ ಹೂವಿನ ಅಂಗಳದಲ್ಲಿ ಗಡಿಯಾರದ ಜೊತೆ ಪಂಚಾಂಗವೂ ಸೇರಿಕೊಳ್ಳುತ್ತದೆ. ಬಿಡಿ ಹೂವು ಕಿಲೋ ಲೆಕ್ಕದಲ್ಲಿ, ಕಟ್ಟಿದ ಹೂವು ಮಾರು ಲೆಕ್ಕದಲ್ಲಿ ಮಾರಾಟವಾಗುತ್ತದೆ. ಮದುವೆಗಳಿಲ್ಲದ ಆಷಾಢದಲ್ಲಿ ಸೇವಂತಿಗೆ, ಕನಕಾಂಬರದ ದರ ತಗ್ಗುತ್ತದೆ. ಶ್ರಾವಣ ಹುಟ್ಟಿ ವರಮಹಾಲಕ್ಷ್ಮಿ ಹಬ್ಬ ಬಂತೆಂದರೆ ಅದೇ ಹೂವು ಹಲವು ಪಟ್ಟು ಏರುತ್ತದೆ. ಕನಕಾಂಬರ ಕಿಲೋಗೆ ಸಾವಿರ ರೂಪಾಯಿ ದಾಟುವುದು ಆ ವಾರದಲ್ಲಿ ಹೊಸದೇನಲ್ಲ. ಏಲಕ್ಕಿ ಬಾಳೆಗೂ ಇದೇ ಪಾಡು. ಹಬ್ಬದ ದಿನವನ್ನು ಮುಂದೂಡಲಾಗದು. ಆದರೆ ಬೆಲ್ಲ, ಕೊಬ್ಬರಿ, ಅಕ್ಕಿ, ಅಡಿಕೆ, ಅರಿಸಿನ, ಕುಂಕುಮದಂಥ ಕೆಡದ ಸಾಮಾನನ್ನು ಹದಿನೈದು ದಿನ ಮೊದಲೇ ತಂದಿಟ್ಟು, ಹೂವು, ಎಲೆ, ಹಣ್ಣನ್ನು ಮಾತ್ರ ಕೊನೆಗೆ ಉಳಿಸಿಕೊಂಡರೆ ಹಬ್ಬದ ಪಟ್ಟಿಯ ಭಾರ ಸಾಕಷ್ಟು ಇಳಿಯುತ್ತದೆ.

ದರ ಕೇಳಲು ಹಿಂಜರಿಯುವವರಿಗೆ, ಚೌಕಾಸಿಗೆ ಬಿಡುವಿಲ್ಲದವರಿಗೆ ಬೆಂಗಳೂರು ಇನ್ನೊಂದು ದಾರಿ ತೋರಿಸಿದೆ. 1959ರಲ್ಲಿ ತೋಟಗಾರಿಕಾ ತಜ್ಞ ಡಾ. ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವೊಂದು ಹುಟ್ಟಿತು; ಅದೇ ಬೆಳೆದು ಇಂದಿನ ಹಾಪ್‌ಕಾಮ್ಸ್ ಆಯಿತು. ಬೆಳೆಗಾರರಿಂದ ನೇರವಾಗಿ ಕೊಂಡು, ಅಂದಂದಿನ ದರವನ್ನು ಮಳಿಗೆಯ ಹಲಗೆಯ ಮೇಲೆ ಬರೆದು ಮಾರುವುದು ಅದರ ಕ್ರಮ. ಎಲ್ಲ ತರಕಾರಿಯೂ ಅಲ್ಲಿ ಅಗ್ಗ ಎನ್ನುವಂತಿಲ್ಲ. ಆದರೂ ಆ ಹಲಗೆಯ ಪ್ರಯೋಜನ ಮಳಿಗೆಯ ಆಚೆಗೂ ಇದೆ. ಅದನ್ನು ಓದಿ ಬಂದವರಿಗೆ ತಳ್ಳುಗಾಡಿಯವರು ಹೇಳುವ ದರ ನ್ಯಾಯವೋ ಅಲ್ಲವೋ ಎಂದು ತೂಗಿ ನೋಡಲು ಒಂದು ಆಧಾರ ಸಿಗುತ್ತದೆ. ತಳ್ಳುಗಾಡಿಯವನ ದರ ನಾಲ್ಕು ರೂಪಾಯಿ ಹೆಚ್ಚಿದ್ದರೂ ಆತ ಮನೆಬಾಗಿಲಿಗೆ ಬಂದಿರುತ್ತಾನೆ, ಕಾಲು ಕಿಲೋ ಕೊಡಲೂ ಬೇಸರಿಸುವುದಿಲ್ಲ. ಎರಡು ಕಿಲೋ ತರಕಾರಿಗಾಗಿ ಆಟೊ ಹತ್ತಿ ಮಾರ್ಕೆಟ್ಟಿಗೆ ಹೋಗುವವರ ಲೆಕ್ಕದಲ್ಲಿ ಆಟೊದ ಬಾಡಿಗೆಯೂ ಸೇರಬೇಕು.

ಬೆಂಗಳೂರು ಬಿಟ್ಟು ಮೈಸೂರು ದಾರಿ ಹಿಡಿದರೆ ಮಂಡ್ಯದ ಕಬ್ಬಿನ ಸೀಮೆ. ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವಲ್ಲೆಲ್ಲ ಆಲೆಮನೆಗಳಿವೆ; ಅಚ್ಚು, ಕುರಿಕಾಲಚ್ಚು, ಬಕೆಟ್ ಎಂದು ಬೆಲ್ಲಕ್ಕೆ ಆಕಾರಕ್ಕೊಂದು ಹೆಸರು. ಇಲ್ಲಿನ ಪಾಠ ಬಣ್ಣದ್ದು. ಪೇಟೆಯಲ್ಲಿ ಹೊಂಬಣ್ಣದ ಬೆಲ್ಲಕ್ಕೆ ಬಹುಕಾಲದಿಂದ ಬೇಡಿಕೆ ಹೆಚ್ಚು, ಆದ್ದರಿಂದ ಪಾಕಕ್ಕೆ ಸೋಡಿಯಂ ಹೈಡ್ರೋಸಲ್ಫೈಟ್ ಹಾಕಿ ಬಣ್ಣ ತಿಳಿಮಾಡುವ ರೂಢಿ ಬೆಳೆಯಿತು. ಆ ರಾಸಾಯನಿಕ ಸೇರದ ಬೆಲ್ಲ ಕಂದಾಗಿರುತ್ತದೆ. ಆಲೆಮನೆಯ ಬಾಗಿಲಲ್ಲಿ ಅಗ್ಗಕ್ಕೆ ಸಿಗಬಲ್ಲ ಅದೇ ಕಂದು ಬೆಲ್ಲ ನಗರದ ಅಂಗಡಿಯಲ್ಲಿ ಸಾವಯವ ಎಂಬ ಚೀಟಿ ಅಂಟಿಸಿಕೊಂಡು ದುಬಾರಿಯಾಗುತ್ತದೆ. ಎರಡೂ ಕಡೆ ಗಿರಾಕಿ ಹಣ ಕೊಡುವುದು ನೋಟಕ್ಕೆ. ಬೆಲ್ಲ ಮಳೆಗಾಲದ ತೇವ ಹೀರಿ ನೀರೊಡೆಯುವ ವಸ್ತು. ಬೇಸಿಗೆಯಲ್ಲೇ ಕೊಂಡು ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಮಾತ್ರ ಹೆಚ್ಚು ಕೊಂಡದ್ದು ಸಾರ್ಥಕ.

ಕೊಡಗು ಹತ್ತಿದ ಮೇಲೆ ದರ ವಾರಕ್ಕೆ ಕಟ್ಟುಬೀಳುತ್ತದೆ. ಸೋಮವಾರಪೇಟೆಯಲ್ಲಿ ಸೋಮವಾರ, ಕುಶಾಲನಗರದಲ್ಲಿ ಮಂಗಳವಾರ, ವಿರಾಜಪೇಟೆಯಲ್ಲಿ ಬುಧವಾರ, ಮಡಿಕೇರಿಯಲ್ಲಿ ಶುಕ್ರವಾರ, ಶನಿವಾರಸಂತೆಯಲ್ಲಿ ಶನಿವಾರ, ಗೋಣಿಕೊಪ್ಪಲಿನಲ್ಲಿ ಭಾನುವಾರ ಎಂದು ಸಂತೆ ಊರಿಂದೂರಿಗೆ ನಡೆಯುತ್ತದೆ. ವ್ಯಾಪಾರಿಗಳು ಗಂಟುಮೂಟೆ ಕಟ್ಟಿಕೊಂಡು ಅದರ ಹಿಂದೆಯೇ ಸಾಗುತ್ತಾರೆ. ಕಾಫಿ ತೋಟದ ಕೂಲಿಯ ಬಟವಾಡೆಗೂ ಸಂತೆಗೂ ಹಳೆಯ ನಂಟು. ಸಂತೆಯಲ್ಲಿ ಸಾಲಾಗಿ ಹತ್ತು ಜನ ಒಂದೇ ಸರಕು ಹರಡಿ ಕೂತಿರುವುದರಿಂದ ಗಿರಾಕಿ ಬಾಯಿ ಬಿಡುವ ಮೊದಲೇ ಪೈಪೋಟಿ ದರವನ್ನು ಇಳಿಸಿರುತ್ತದೆ. ಅಂಗಡಿ ಬಾಡಿಗೆಯಿಲ್ಲ, ದೀಪದ ಖರ್ಚಿಲ್ಲ, ಉಳಿದ ಮಾಲನ್ನು ಹೊತ್ತು ಮುಂದಿನ ಊರಿಗೆ ಸಾಗಿಸುವ ಕಷ್ಟ ಮಾತ್ರ ಇದೆ. ಸಂಜೆಯ ಮಳೆ ಮೋಡ ಕವಿದರೆ ಆ ಕಷ್ಟವೇ ದರವನ್ನು ಇನ್ನಷ್ಟು ಇಳಿಸುತ್ತದೆ.

ಸಂತೆಯ ಇನ್ನೊಂದು ಉಳಿತಾಯ ಯಾವ ಚೀಟಿಯಲ್ಲೂ ಕಾಣುವುದಿಲ್ಲ. ವಾರಕ್ಕೊಮ್ಮೆ ಕೊಳ್ಳುವ ಮನೆ ವಾರದ ಅಡುಗೆಯನ್ನು ಮೊದಲೇ ಯೋಚಿಸಬೇಕಾಗುತ್ತದೆ. ಸಂತೆಯ ಮರುದಿನ ಸೊಪ್ಪು, ನಂತರ ಬೆಂಡೆ, ಬೀನ್ಸ್, ವಾರದ ಕೊನೆಗೆ ಕುಂಬಳ, ಸುವರ್ಣಗೆಡ್ಡೆ, ಆಲೂಗಡ್ಡೆ. ಕೆಡುವ ಕ್ರಮದಲ್ಲೇ ಬೇಯಿಸುವ ಕ್ರಮ. ಕೊನೆಯ ದಿನಕ್ಕೆ ಹುರುಳಿಯೋ ಹೆಸರುಕಾಳೋ ನೆನೆಯುತ್ತದೆ. ದಿನವೂ ಅಂಗಡಿಗೆ ಹೋಗುವವರು ಬೇಕಾದ್ದರ ಜೊತೆಗೆ ಕಣ್ಣಿಗೆ ಬಿದ್ದದ್ದನ್ನೂ ತರುತ್ತಾರೆ. ಸಂತೆಯ ದಿನವಲ್ಲದಿದ್ದರೆ ಆ ಪ್ರಶ್ನೆಯೇ ಏಳುವುದಿಲ್ಲ.

ಘಟ್ಟದ ಸಾಲು ಹಿಡಿದು ಉತ್ತರಕ್ಕೆ ಬಂದರೆ ಮಳೆಗಾಲಕ್ಕೆ ಕೂಡಿಡುವ ಸೀಮೆ. ಸಾಗರ, ರಿಪ್ಪನ್‌ಪೇಟೆಯ ಕಡೆ ಬೇಸಿಗೆಯ ಆರಂಭದಲ್ಲಿ ಉಪ್ಪಿನಕಾಯಿಯ ಮಾವಿನ ಮಿಡಿಯಾದ ಅಪ್ಪೆಮಿಡಿ ಪೇಟೆಗೆ ಬರುತ್ತದೆ. ಮಿಡಿಯ ವ್ಯಾಪಾರ ಎಣಿಕೆಯಲ್ಲಿ, ನೂರಕ್ಕಿಷ್ಟು, ಸಾವಿರಕ್ಕಿಷ್ಟು. ಉಪ್ಪಿನಲ್ಲಿ ಮುಳುಗಿದ ಮಿಡಿ ವರ್ಷಗಟ್ಟಲೆ ಬಾಳುತ್ತದೆ, ಹಾಗಾಗಿ ಒಳ್ಳೆಯ ಫಸಲಿನ ವರ್ಷದಲ್ಲಿ ಹೆಚ್ಚು ಹಾಕಿ, ಫಸಲು ಕೈಕೊಟ್ಟ ವರ್ಷದಲ್ಲಿ ಜಾಡಿಗೆ ಕೈಯಿಡುವ ಮನೆಗಳಿವೆ. ಘಟ್ಟದ ಕೆಳಗೆ ಕರಾವಳಿಯಲ್ಲಿ ಜೂನ್, ಜುಲೈ ತಿಂಗಳು ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹಸಿ ಮೀನು ಆಗ ದುಬಾರಿ, ಬೇಸಿಗೆಯಲ್ಲಿ ಕಟ್ಟಿಟ್ಟ ಒಣಮೀನು ಆ ಅಂತರವನ್ನು ತುಂಬುತ್ತದೆ. ಹಲಸಿನ ಹಪ್ಪಳವೂ ಅಕ್ಕಿ ಸಂಡಿಗೆಯೂ ಹುಟ್ಟಿದ್ದು ಇದೇ ಲೆಕ್ಕದಲ್ಲಿ. ಸುಗ್ಗಿಯ ಅಗ್ಗವನ್ನು ಬಿಸಿಲಿನಲ್ಲಿ ಒಣಗಿಸಿ ಅಭಾವದ ತಿಂಗಳಿಗೆ ಸಾಗಿಸುವ ವಿದ್ಯೆಗಳಿವು.

ಮಲೆನಾಡಿನಿಂದ ಬಯಲಿಗಿಳಿದರೆ ಹಾವೇರಿ ಜಿಲ್ಲೆಯ ಬ್ಯಾಡಗಿ. ಜನವರಿಯಿಂದ ಮೊದಲ್ಗೊಂಡು ಬೇಸಿಗೆಯವರೆಗೆ ಈ ಪುಟ್ಟ ಊರು ಕೆಂಪಾಗಿರುತ್ತದೆ. ಒಣಮೆಣಸಿನಕಾಯಿಯ ಚೀಲಗಳು ಪ್ರಾಂಗಣ ತುಂಬಿ ರಸ್ತೆಗೂ ಹರಡಿಕೊಳ್ಳುತ್ತವೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಗಿಡ್ಡನೆಯ, ಸುಕ್ಕುಗಟ್ಟಿದ ಡಬ್ಬಿ ಮತ್ತು ಉದ್ದನೆಯ, ತೆಳ್ಳನೆಯ ಕಡ್ಡಿ ಎಂಬ ಎರಡೂ ಬಗೆಗಳಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎಂದು ಎರಡನ್ನೂ ಬೆರೆಸಿ ಸಾರಿನ ಪುಡಿ ಮಾಡುವವರು ದುಬಾರಿಯಾದದ್ದನ್ನು ಬಣ್ಣಕ್ಕೆ ಬೇಕಾದಷ್ಟೇ ಬಳಸುತ್ತಾರೆ. ಇಡೀ ಕಾಯಿ ಕೊಂಡರೆ ಗುಣ ಕಣ್ಣಿಗೆ ಕಾಣುತ್ತದೆ: ಬಣ್ಣ ಮಾಸಿದ್ದು, ಬಿಳಚಿದ್ದು, ಬೂಷ್ಟು ಹಿಡಿದದ್ದು ಕೈಗೆ ಸಿಗುತ್ತದೆ. ಪುಡಿಯ ಪೊಟ್ಟಣದಲ್ಲಿ ಅದೆಲ್ಲ ಮುಚ್ಚಿಹೋಗುತ್ತದೆ. ತೊಟ್ಟು ಬಿಡಿಸಿದ ಕಾಯಿಗೆ ಬಿಡಿಸಿದ ಕೂಲಿಯೂ ಸೇರಿ ದರ ಹೆಚ್ಚು. ತೊಟ್ಟಿರುವ ಕಾಯಿ ಅಗ್ಗ, ಬಾಳಿಕೆಯೂ ಜಾಸ್ತಿ. ಎರಡು ದಿನ ಚೆನ್ನಾಗಿ ಬಿಸಿಲಿಗಿಟ್ಟು ಬಿಗಿಯಾದ ಡಬ್ಬಿಗೆ ತುಂಬಿದರೆ ವರ್ಷದ ಖರೀದಿ ಒಂದೇ ಸಲಕ್ಕೆ ಮುಗಿಯುತ್ತದೆ.

ಅಗ್ಗದ ಇನ್ನೊಂದು ಮುಖವೂ ಬ್ಯಾಡಗಿಯಲ್ಲೇ ಕಂಡಿತು. 2024ರ ಮಾರ್ಚ್‌ನಲ್ಲಿ ದರ ಹಠಾತ್ತನೆ ಕುಸಿದಾಗ ರೊಚ್ಚಿಗೆದ್ದ ರೈತರು ಎಪಿಎಂಸಿ ಕಚೇರಿಯ ಮೇಲೆ ಮುಗಿಬಿದ್ದರು, ವಾಹನಗಳಿಗೆ ಬೆಂಕಿ ಬಿತ್ತು. ಅಡುಗೆಮನೆಯ ಪಟ್ಟಿಯಲ್ಲಿ ಹತ್ತಿಪ್ಪತ್ತು ರೂಪಾಯಿಯ ಇಳಿಕೆ ಎನಿಸುವುದು ಬೆಳೆದವನ ಒಂದು ವರ್ಷದ ದುಡಿಮೆಯಾಗಿರಬಹುದು. ಮಧ್ಯದ ಕೈಗಳು ಕಡಿಮೆಯಾಗಿ ಸಿಕ್ಕ ಅಗ್ಗಕ್ಕೂ ಬೆಳೆಗಾರನ ದರ ಕುಸಿದು ಸಿಕ್ಕ ಅಗ್ಗಕ್ಕೂ ವ್ಯತ್ಯಾಸವಿದೆ. ಮೊದಲನೆಯದು ವರ್ಷ ವರ್ಷವೂ ಉಳಿಯಬಲ್ಲದು. ಎರಡನೆಯದು ಮುಂದಿನ ಹಂಗಾಮಿನಲ್ಲಿ ಬಿತ್ತನೆ ತಗ್ಗಿಸಿ ತುಟ್ಟಿಯಾಗಿ ತಿರುಗಿ ಬರುವುದೇ ಹೆಚ್ಚು.

ಗದಗ, ಕೊಪ್ಪಳ ದಾಟಿದರೆ ತುಂಗಭದ್ರಾ ಅಣೆಕಟ್ಟೆಯ ನೀರುಂಡ ಗಂಗಾವತಿ, ಸಿಂಧನೂರು. ಸೋನಾ ಮಸೂರಿಯ ಸೀಮೆ. ಅಕ್ಕಿಯ ದರದಲ್ಲಿ ವಯಸ್ಸಿನ ಪಾಲು ದೊಡ್ಡದು. ಗದ್ದೆಯಿಂದ ಆಗಷ್ಟೇ ಬಂದ ಹೊಸ ಅಕ್ಕಿ ಅಗ್ಗ, ಆದರೆ ಅನ್ನ ಮುದ್ದೆಯಾಗುತ್ತದೆ. ವರ್ಷ ಕಳೆದ ಹಳೆ ಅಕ್ಕಿ ಉದುರಾಗಿ, ಹೆಚ್ಚು ಅರಳುತ್ತದೆ. ದೋಸೆ, ಇಡ್ಲಿ, ಪೊಂಗಲ್, ಗಂಜಿಗೆ ಹಳೆ ಅಕ್ಕಿಯ ಬೆಲೆ ತೆರಬೇಕಾದ ಕಾರಣವಿಲ್ಲ. ಸುಗ್ಗಿಯಲ್ಲಿ ಹೊಸ ಅಕ್ಕಿ ಕೊಂಡು ಮನೆಯಲ್ಲೇ ಹಳೆಯದಾಗಿಸುವುದೂ ಒಂದು ದಾರಿ. ಅದಕ್ಕೆ ಒಣ ಜಾಗ ಬೇಕು, ಹುಳು ಹತ್ತದಂತೆ ಬೇವಿನೆಲೆ ಬೇಕು. ಇಲ್ಲಿನ ಚೀಲಗಳ ತೂಕವೂ ಒಂದು ಕಥೆ ಹೇಳುತ್ತದೆ. 2022ರ ಜುಲೈ 18ರಿಂದ 25 ಕಿಲೋವರೆಗಿನ, ಮೊದಲೇ ಕಟ್ಟಿ ಚೀಟಿ ಹಚ್ಚಿದ ಅಕ್ಕಿಗೆ ಶೇ. 5 ಜಿಎಸ್‌ಟಿ ಬಂತು. ಅದಾದ ಕೆಲವೇ ದಿನಗಳಲ್ಲಿ ಗಿರಣಿಗಳಿಂದ 26 ಕಿಲೋ ಚೀಲ ಹೊರಬಿತ್ತು. ಸಣ್ಣ ಸಂಸಾರ ಇಷ್ಟು ದೊಡ್ಡ ಚೀಲ ಹೊರಬೇಕೆಂದೇನಿಲ್ಲ, ನೆರೆಯ ಎರಡು ಮನೆಗಳು ಒಂದನ್ನು ಹಂಚಿಕೊಂಡರೆ ಇಬ್ಬರಿಗೂ ತೆರಿಗೆಯ ಉಳಿತಾಯ.

ರಾಯಚೂರು ಹಾದು ಕಲಬುರಗಿ ಮುಟ್ಟಿದರೆ ತೊಗರಿಯ ಕಣಜ. ಡಿಸೆಂಬರ್, ಜನವರಿಯಲ್ಲಿ ರಾಶಿಯಾಗುವ ಇಲ್ಲಿನ ತೊಗರಿಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಬಂತು. ನೂರು ಕಿಲೋ ತೊಗರಿಯಿಂದ ಗಿರಣಿಯಲ್ಲಿ ಸುಮಾರು ಎಪ್ಪತ್ತು ಕಿಲೋ ಬೇಳೆ ಸಿಗುತ್ತದೆ, ಉಳಿದದ್ದು ಹೊಟ್ಟು, ನುಚ್ಚು. ಹೊಳಪು ಕೊಟ್ಟ ಬೇಳೆ ನೋಡಲು ಚೆಂದ, ಸಾರಿನಲ್ಲಿ ಅದರಿಂದ ಬರುವ ರುಚಿ ಏನೂ ಇಲ್ಲ. ರಾಶಿಯ ತಿಂಗಳಲ್ಲಿ ಬೇಳೆ ಕೊಂಡು, ಒಣಗಿಸಿ, ಅಂಗೈಗೆ ಹರಳೆಣ್ಣೆ ಸವರಿ ಬೇಳೆಗೆಲ್ಲ ತೆಳ್ಳಗೆ ಹಚ್ಚಿಡುವುದು ಕರ್ನಾಟಕದ ಮನೆಗಳ ಹಳೆಯ ಪದ್ಧತಿ. ಎಣ್ಣೆಯ ಪೊರೆ ಇರುವ ಬೇಳೆಯಲ್ಲಿ ಹುಳು ಮೊಟ್ಟೆಯಿಡುವುದು ಕಡಿಮೆ. ಬೇಯಿಸುವ ಮೊದಲು ತೊಳೆದರೆ ಎಣ್ಣೆ ಹೋಗುತ್ತದೆ.

ದಾರಿ ಇಲ್ಲಿಗೆ ಮುಗಿಯುತ್ತದೆ, ಆದರೆ ನಗರದ ಬಹುಪಾಲು ಖರೀದಿ ನಡೆಯುವುದು ಸೂಪರ್ ಮಾರ್ಕೆಟ್ಟಿನ ಕಪಾಟಿನ ಮುಂದೆ. ಮಂಡಿಯಲ್ಲಿ ಕಣ್ಣು, ಕೈ ಮಾಡುವ ಕೆಲಸವನ್ನು ಅಲ್ಲಿ ಪೊಟ್ಟಣದ ಮೇಲಿನ ಸಣ್ಣ ಅಕ್ಷರ ಮಾಡಬೇಕು. ಮೆಟ್ರಿಕ್ ತೂಕ 1960ರ ದಶಕದ ಆರಂಭದಲ್ಲಿ ಕಡ್ಡಾಯವಾಗುವವರೆಗೆ ಸೇರು, ಪಾವು, ಚಟಾಕು ಊರಿಂದೂರಿಗೆ ಬದಲಾಗುತ್ತಿದ್ದವು; ಗೊಂದಲ ಅಳತೆಯಲ್ಲಿತ್ತು. ಈಗ ಅಳತೆ ಒಂದೇ, ಗೊಂದಲ ಪೊಟ್ಟಣದ ಗಾತ್ರದಲ್ಲಿ. ಐದು ರೂಪಾಯಿಯ ಬಿಸ್ಕತ್ತು ಐದು ರೂಪಾಯಿಯಾಗಿಯೇ ಉಳಿದು ಗ್ರಾಂ ಕರಗುತ್ತದೆ. ಒಂದು ಲೀಟರ್ ಸೂರ್ಯಕಾಂತಿ ಎಣ್ಣೆ ತೂಗುವುದು ಸುಮಾರು 910 ಗ್ರಾಂ, ಆದ್ದರಿಂದ 15 ಲೀಟರಿನ ಡಬ್ಬಿಯೂ 15 ಕಿಲೋದ ಡಬ್ಬಿಯೂ ಒಂದೇ ಅಲ್ಲ. ಎರಡರ ನಡುವೆ ಒಂದು ಕಿಲೋಗಿಂತ ಹೆಚ್ಚಿನ ಅಂತರವಿದೆ. ಗರಿಷ್ಠ ಮಾರಾಟ ಬೆಲೆ ಎಲ್ಲ ತೆರಿಗೆ ಸೇರಿದ್ದು, ಅದಕ್ಕಿಂತ ಹೆಚ್ಚು ಕೇಳುವುದು ಅಪರಾಧ. ಕಡಿಮೆಗೆ ಮಾರಲು ಅಡ್ಡಿಯಿಲ್ಲ. 2021ರ ತಿದ್ದುಪಡಿಯು ಪೊಟ್ಟಣದ ಮೇಲೆ ಗ್ರಾಂ, ಕಿಲೋ ಅಥವಾ ಲೀಟರಿಗೆ ಎಷ್ಟು ಎಂಬ ಏಕಮಾನ ಬೆಲೆಯನ್ನೂ ಮುದ್ರಿಸಬೇಕೆಂದಿತು. ಎರಡು ಪೊಟ್ಟಣಗಳನ್ನು ಹೋಲಿಸಲು ಆ ಒಂದು ಸಾಲು ಸಾಕು.

ಹಾಲಿನ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. 2024ರ ಜೂನ್ ಕೊನೆಯಲ್ಲಿ ನಂದಿನಿ ನೀಲಿ ಪೊಟ್ಟಣದ ಅರ್ಧ ಲೀಟರ್ 550 ಮಿ.ಲೀ. ಆಯಿತು, ಬೆಲೆ 22ರಿಂದ 24 ರೂಪಾಯಿಗೆ ಏರಿತು. ಮೇಲ್ನೋಟಕ್ಕೆ ಎರಡು ರೂಪಾಯಿ ಏರಿಕೆ, ನೂರು ಮಿ.ಲೀ.ಗೆ ಲೆಕ್ಕ ಹಾಕಿದರೆ 4 ರೂ. 40 ಪೈಸೆಯಿಂದ 4 ರೂ. 36 ಪೈಸೆಗೆ ಇಳಿಕೆ. ಆದರೂ ಅರ್ಧ ಲೀಟರಷ್ಟೇ ಬೇಕಾದ ಮನೆಯ ತಿಂಗಳ ಹಾಲಿನ ಬಾಬ್ತು ಏರಿದ್ದು ನಿಜ. 2025ರ ಏಪ್ರಿಲ್‌ನಲ್ಲಿ ಹಳೆಯ ಅಳತೆ ಮರಳಿತು, ಲೀಟರಿಗೆ ನಾಲ್ಕು ರೂಪಾಯಿ ಹೆಚ್ಚಿತು. ದೊಡ್ಡದು ಯಾವಾಗಲೂ ಅಗ್ಗ ಎಂಬುದೂ ನಿಜವಲ್ಲ: ಶಾಂಪೂವಿನಲ್ಲಿ ಒಂದೆರಡು ರೂಪಾಯಿಯ ಪುಟ್ಟ ಪೊಟ್ಟಣವೇ ಎಷ್ಟೋ ಸಲ ಬಾಟಲಿಗಿಂತ ಮಿ.ಲೀ. ಲೆಕ್ಕದಲ್ಲಿ ಅಗ್ಗವಾಗಿರುತ್ತದೆ. ಮೊಬೈಲಿನಲ್ಲಿ ಕೊಂಡು ಹತ್ತು ನಿಮಿಷದಲ್ಲಿ ಮನೆಗೆ ತರಿಸುವಾಗ ತರಿಸುವ ಶುಲ್ಕ, ನಿರ್ವಹಣಾ ಶುಲ್ಕಗಳನ್ನು ಸರಕಿನ ಬೆಲೆಗೆ ಕೂಡಿಸಿ ನೋಡಿದರೆ ಮಾತ್ರ ನಿಜವಾದ ದರ ಸಿಗುತ್ತದೆ.

ಈ ಪೇಟೆಗಳನ್ನೆಲ್ಲ ಒಟ್ಟಿಗೆ ನೋಡಿದರೆ ಮನೆಯ ಖರೀದಿ ಮೂರು ಬಗೆಯಾಗಿ ಒಡೆಯುತ್ತದೆ. ಸೊಪ್ಪು, ಟೊಮೆಟೊ, ಹೂವಿನಂಥ ಕೆಡುವ ಸರಕನ್ನು ಹತ್ತಿರದಲ್ಲಿ, ಬೇಕಾದಷ್ಟೇ ಕೊಳ್ಳುವುದು ಲೇಸು. ಅದಕ್ಕಾಗಿ ದೂರ ಹೋದರೆ ಉಳಿದದ್ದು ಬಸ್ಸಿಗೋ ಆಟೊಗೋ ಹೋಗುತ್ತದೆ. ಈರುಳ್ಳಿ, ಆಲೂಗಡ್ಡೆ, ಗೆಡ್ಡೆಗಳು ವಾರದ ಸಂತೆಗೋ ಸಗಟು ಪೇಟೆಗೋ ಸೇರಿದವು. ಈರುಳ್ಳಿಯಲ್ಲೂ ಮಳೆಗಾಲದ ಬೆಳೆ ತೇವ ಹೆಚ್ಚಿದ್ದು ಬೇಗ ಕೊಳೆಯುತ್ತದೆ, ಬೇಸಿಗೆಯಲ್ಲಿ ಕಿತ್ತದ್ದು ತಿಂಗಳುಗಟ್ಟಲೆ ಬಾಳುತ್ತದೆ. ಹುಣಸೆ, ಮೆಣಸಿನಕಾಯಿ, ಬೇಳೆ, ಅಕ್ಕಿ, ಬೆಲ್ಲ ವರ್ಷದ ಸರಕು; ಇವುಗಳ ರಾಶಿ ಬಹುಪಾಲು ಡಿಸೆಂಬರಿನಿಂದ ಏಪ್ರಿಲ್ ನಡುವೆ ಪೇಟೆಗೆ ಬರುವುದರಿಂದ ಆ ತಿಂಗಳುಗಳಲ್ಲಿ ಕೈಯಲ್ಲಿ ಸ್ವಲ್ಪ ಹಣ ಬೇಕು. ತಿಂಗಳ ಸಂಬಳ ಆ ತಿಂಗಳಿಗೇ ಸಾಲದ ಮನೆಗೆ ಸುಗ್ಗಿಯ ಅಗ್ಗ ಕೈಗೆಟಕುವುದಿಲ್ಲ. ಬಡವರು ಅದೇ ಬೇಳೆಯನ್ನು ಕಾಲು ಕಿಲೋ ಲೆಕ್ಕದಲ್ಲಿ ಹೆಚ್ಚು ದರಕ್ಕೆ ಕೊಳ್ಳುವುದು ಇದೇ ಕಾರಣಕ್ಕೆ. ನ್ಯಾಯಬೆಲೆ ಅಂಗಡಿ, ನೆರೆಹೊರೆಯವರು ಕೂಡಿ ಕೊಳ್ಳುವುದು, ಮಹಿಳಾ ಸ್ವಸಹಾಯ ಸಂಘದ ಚೀಟಿ ಹಣ ಈ ಕೊರತೆಯನ್ನು ಒಂದಷ್ಟು ತುಂಬುತ್ತವೆ. ಕೊನೆಗೂ ಉಳಿತಾಯ ಗಟ್ಟಿಯಾಗುವುದು ಅಡುಗೆಮನೆಯಲ್ಲಿ. ಕಿಲೋಗೆ ಹತ್ತು ರೂಪಾಯಿ ಉಳಿಸಿ ಕೊಂಡ ಐದು ಕಿಲೋ ತರಕಾರಿಯಲ್ಲಿ ಒಂದೂವರೆ ಕಿಲೋ ಕೊಳೆತರೆ ಉಳಿದದ್ದೆಲ್ಲ ಅದರ ಜೊತೆಗೇ ಹೋಗುತ್ತದೆ. ಆದ್ದರಿಂದ ಎಷ್ಟು ಅಗ್ಗಕ್ಕೆ ಸಿಕ್ಕಿತು ಎಂಬ ಲೆಕ್ಕದ ಪಕ್ಕದಲ್ಲೇ ಎಷ್ಟು ಬೇಯಿಸಿ ಉಂಡದ್ದಾಯಿತು ಎಂಬುದನ್ನೂ ಬರೆದಿಡಬೇಕು.